ತೊಲೆಯಿಲ್ಲದ ಮನೆ

11 ಡಿಸೆಂಬರ್ 1977, ರವಿವಾರ. ಬಿಜ್ಜರಗಿ

ಬೆಳಗಿನ ಜಾವ ಮೂರು ಗಂಟೆ ಇಪ್ಪತ್ತು ನಿಮಿಷ. ಎಬ್ಬಿಸಿದ್ದು ತೊಲೆಯ ಸದ್ದು. ಕಿರ್ ಎಂದು ಹೋಗುತ್ತಿತ್ತು, ಕಿರ್ ಎಂದು ಬರುತ್ತಿತ್ತು. ಕಣ್ಣು ಬಿಟ್ಟರೆ ಅಜ್ಜಿ ಬೋರವ್ವ ಕತ್ತಲಲ್ಲಿ ಕೂತು ತೊಟ್ಟಿಲು ತೂಗುತ್ತಿದ್ದಳು. ಕೂಸು ಅತ್ತದ್ದು ನನಗೆ ಕೇಳಿಸಿರಲೇ ಇಲ್ಲ. ಎದ್ದು ಹೋಗಿ ಅದರ ಮೂಗಿನ ಹತ್ತಿರ ಬೆರಳು ಹಿಡಿದೆ. ಉಸಿರು ಬೆಚ್ಚಗಿತ್ತು. ಈ ರಾತ್ರಿ ಹೀಗೆ ಹಿಡಿದದ್ದು ಐದನೇ ಸಲ.

"ಎಂಟ ಹಡದಾಕಿ ನಾ. ಒಂದರ ಮೂಗೂ ಹಿಂಗ ಹಿಡದಿಲ್ಲ. ಮಲಗ ಬೇ," ಎಂದಳು ಅಜ್ಜಿ.

ಮಲಗಲಿಲ್ಲ. ಚಿಮಣಿ ಹಚ್ಚಿ ಇದನ್ನು ಬರೆಯುತ್ತಿದ್ದೇನೆ. ಇದು ಇವರ ಆಫೀಸಿನಲ್ಲಿ ಕೊಟ್ಟ ದಿನಚರಿ ಪುಸ್ತಕ. ಹೆರಿಗೆಗೆಂದು ಮುಂಬಯಿಯಿಂದ ತವರಿಗೆ ಕಳಿಸುವಾಗ, ಬಿ.ಎ. ಓದಿದಾಕಿ, ಏನರ ಬರಿ ಎಂದು ಟ್ರಂಕಿನಲ್ಲಿ ಇಟ್ಟಿದ್ದರು. ಇಷ್ಟು ದಿನ ಕೂಸು ಹಾಲು ಕುಡಿದ ಹೊತ್ತು, ಮಲಗಿದ ಹೊತ್ತು ಬಿಟ್ಟು ಏನೂ ಬರೆದಿಲ್ಲ. ಮಲಗಿದ ಹೊತ್ತಿನ ಕಾಲಂ ಬಹಳ ಖಾಲಿ.

ನಾಳೆಗೆ ಕೂಸಿಗೆ ಮೂರು ತಿಂಗಳು. ಇವರ ತಾಯಿಯ ಹೆಸರೇ ಇಟ್ಟಿದ್ದೇವೆ, ರಾಚವ್ವ. ನೆಲದ ಮೇಲೆ ಮಲಗುವುದಿಲ್ಲ, ನನ್ನ ಮಗ್ಗುಲಲ್ಲೂ ಮಲಗುವುದಿಲ್ಲ. ಈ ಪಡಸಾಲೆಯ ತೊಲೆಗೆ ತೂಗುಹಾಕಿದ ತೊಟ್ಟಿಲಲ್ಲಿ ಮಾತ್ರ. ತೊಲೆಗೆ ಹೊಡೆದ ಕಬ್ಬಿಣದ ಬಳೆ ತೂಗಿ ತೂಗಿ ಒಂದು ಕಡೆ ಬಳೆಗಾರನ ಬಳೆಯಷ್ಟು ತೆಳ್ಳಗಾಗಿದೆ. ಅದರಲ್ಲಿ ನನ್ನ ಪಾಲೂ ಉಂಟು.

16 ಡಿಸೆಂಬರ್, ಶುಕ್ರವಾರ

ಮಧ್ಯಾಹ್ನ ಇವರ ಪತ್ರ ಬಂತು. ನಾಲ್ಕು ಹಾಳೆ.

ಡೊಂಬಿವಲಿಯಲ್ಲಿ ಮನೆ ಹಿಡಿದಿದ್ದಾರೆ. ಮನೆ ಅಂದರೆ ಫ್ಲ್ಯಾಟು. ಹಿಡಿಯಲು ಅಲ್ಲಿ ಇನ್ನೂ ಗೋಡೆಯೇ ಇಲ್ಲ. ಎರಡು ಮಾಳಿಗೆ ಎದ್ದಿವೆ, ನಮ್ಮದು ಮೂರನೆಯದು, ಅದಕ್ಕೆ ಬರೇ ಕಂಬಗಳು ನಿಂತಿವೆಯಂತೆ. ಮುಂಬಯಿಯೊಳಗೆ ಒಂದು ಬಾಗಿಲು ನಿಲ್ಲಿಸುವಷ್ಟು ಜಾಗಕ್ಕೆ ಕೇಳುವ ರೊಕ್ಕದಲ್ಲಿ ಅಲ್ಲಿ ಎರಡು ಕೋಣೆ, ಅಡುಗೆಮನೆ, ಒಳಗೇ ನಳ ಸಿಗುತ್ತದೆಯಂತೆ. ದಾದರ, ಪರಳ, ಗಿರಗಾಂವಿನ ಮಂದಿಯೆಲ್ಲ ಲೋಕಲ್ ರೈಲು ಹತ್ತಿ ಅತ್ತ ಹೊರಟಿದ್ದಾರೆ. ಹೋದ ತಿಂಗಳು ಭತ್ತ ಕೊಯ್ದ ಗದ್ದೆಯಲ್ಲಿ ಈ ತಿಂಗಳು ಕಬ್ಬಿಣದ ಸಳಿ ಬಂದು ಬಿದ್ದಿವೆ. "ಸ್ಟೇಶನ್ನಿನಿಂದ ನಮ್ಮ ಜಾಗದ ತನಕ ಹೊಸ ಕಟ್ಟಡಗಳ ಬೋರ್ಡು ಓದುತ್ತ ಹೋಗುತ್ತೇನೆ. ಒಂದು ರವಿವಾರ ಓದಿದ್ದು ಇನ್ನೊಂದು ರವಿವಾರಕ್ಕೆ ಹಳೆಯದಾಗಿರುತ್ತದೆ" ಎಂದು ಬರೆದಿದ್ದಾರೆ.

ಅವರ ಸಂತೋಷ ನನಗೆ ತಿಳಿಯುವುದಿಲ್ಲವೆಂದಲ್ಲ. ಮದುವೆಯಾದ ಮೇಲೆ ಪರಳದ ಆ ಚಾಳಿನಲ್ಲಿ ನಾನೂ ಒಂದು ವರ್ಷ ಇದ್ದವಳು. ಇವರ ಊರು ನಿಡೋಣಿಯ ಸಂಬಂಧಿಕರು ಸೇರಿ ಒಂದೇ ಕೋಣೆಯಲ್ಲಿ ಒಂಬತ್ತು ಮಂದಿ. ಬಟ್ಟೆ ಗಿರಣಿಯ ರಾತ್ರಿ ಪಾಳಿಯವರು ಬಂದು ಎಬ್ಬಿಸಿದರೆ ನಾವು ಎದ್ದು ಹಾಸಿಗೆ ಬಿಟ್ಟುಕೊಡಬೇಕು. ರಾತ್ರಿ ನೀರು ಕುಡಿಯಲು ಎದ್ದರೆ ಮೂರು ಮಂದಿಯನ್ನು ದಾಟಬೇಕು. ದಾಟುವಾಗ ಇವರು ಪ್ರತಿಯೊಬ್ಬರ ಕಾಲಿಗೂ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಮಲಗಿದವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಅದನ್ನು ನೋಡಿಯೇ ನನಗೆ ಈ ಮನುಷ್ಯ ಒಳ್ಳೆಯವನು ಅನ್ನಿಸಿದ್ದು.

ಪತ್ರ ಓದಿ ಹೇಳಿದಾಗ ಅಜ್ಜಿ ಒಂದು ಮಾತು ಕೇಳಿದಳು. "ಮೂರನೇ ಮಾಳಿಗಿ ಅಂದ್ರ, ನಿಮ್ಮ ತಲಿ ಮ್ಯಾಲ ಮತ್ತೊಬ್ಬರ ಒಲಿ ಉರೀತೈತೇನು?"

ಹೌದು ಎಂದೆ.

"ಹಂಗಾರ ನಿಮಗ ತಲಿ ಮ್ಯಾಲ ಮಾಳಿಗಿ ಅನ್ನೂದು ಇಲ್ಲ ಬಿಡು. ಅದು ಅವರ ನೆಲ."

28 ಡಿಸೆಂಬರ್, ಬುಧವಾರ

ನಿದ್ದೆ ಇಲ್ಲ. ಹಗಲಿನಲ್ಲಿ ಮಲಗು ಎನ್ನುತ್ತಾರೆ. ಮಲಗಿದರೆ ಕಣ್ಣು ಮಾಳಿಗೆಯ ಬೆಳಕಿಂಡಿಗೆ ಹೋಗುತ್ತದೆ. ಅಲ್ಲಿಂದ ಬಿದ್ದ ಬಿಸಿಲು ಬೆಳಿಗ್ಗೆ ಕುದುರೆಗೂಟದ ಹತ್ತಿರ ಇರುತ್ತದೆ, ಮಧ್ಯಾಹ್ನ ಬೀಸುಕಲ್ಲಿಗೆ ಬರುತ್ತದೆ, ಬೀಸುಕಲ್ಲು ದಾಟಿ ಕಂಬಕ್ಕೆ ಏರಿತೆಂದರೆ ಕುರಿ ಬರುವ ಹೊತ್ತು. ಸಣ್ಣವಳಿದ್ದಾಗ ಗಡಿಯಾರ ಅಂದರೆ ಇದೇ ಎಂದು ತಿಳಿದಿದ್ದೆ. ತಿಕೋಟಾದ ಸಾಲಿಯಲ್ಲಿ ಮಾಸ್ತರು ಗೋಡೆಗೆ ತೂಗುಹಾಕಿದ ಗಡಿಯಾರ ತೋರಿಸಿದಾಗ, ಮೋಡ ಕವಿದರೂ ಇದು ನಡೆಯುತ್ತದೇನು ಎಂದು ಕೇಳಿ ಎಲ್ಲರ ಕೈಲಿ ನಗಿಸಿಕೊಂಡೆ.

ತಲೆಯ ಮೇಲೆ ಮತ್ತೊಬ್ಬರ ನೆಲ ಇರುವ ಮನೆಯಲ್ಲಿ ಬೆಳಕಿಂಡಿ ಎಲ್ಲಿ ಇರುತ್ತದೆ?

9 ಜನವರಿ 1978, ಸೋಮವಾರ

ಇವತ್ತು ನಮ್ಮ ಫ್ಲ್ಯಾಟಿನಲ್ಲಿ ಒಂದು ತಾಸು ಇದ್ದು ಬಂದೆವು.

ಬೆಳಿಗ್ಗೆ ಬಂದ ಪತ್ರದಲ್ಲಿ ಇವರು ಮನೆಯ ನಕ್ಷೆ ತೆಗೆದು ಕಳಿಸಿದ್ದರು. ಎಲ್ಲ ಕೋಣೆಯ ಅಳತೆ ಫೂಟಿನಲ್ಲಿ ಬರೆದಿತ್ತು. ಅಪ್ಪನಿಗೆ ಅಕ್ಷರ ಬರುವುದಿಲ್ಲ, ನಕ್ಷೆ ತಿರುವಿ ಮುರುವಿ ನೋಡಿ, ಹಿಂಗ ತಿಳಿಯಂಗಿಲ್ಲ, ನೆಲದ ಮ್ಯಾಲ ತೆಗೆದು ನೋಡೂಣು ಎಂದ. ಕುರಿ ಮೇಯಲು ಹೋಗಿದ್ದವು, ದಡ್ಡಿ ಖಾಲಿ ಇತ್ತು. ಅವ್ವ ಒಲೆಯ ಬೂದಿ ಬುಟ್ಟಿಯಲ್ಲಿ ತಂದಳು. ಅಳತೆಗೆ ಅಪ್ಪನ ಕೈಯಲ್ಲಿನ ಕುರಿ ಕಾಯುವ ಕೋಲು. ನಾನು ಹುಟ್ಟಿದ ವರ್ಷ ನಿಡೋಣಿಯ ಬಡಿಗೇರ ಗಜ ಇಟ್ಟು ಅಳೆದು ಆರು ಫೂಟಿಗೆ ಸರಿಯಾಗಿ ಕಡಿದು ಕೊಟ್ಟ ಕೋಲು ಅದು. ಹೊಲದ ಬದು, ಬಾವಿಯ ಆಳ, ಎಲ್ಲ ಅಪ್ಪ ಅದರಿಂದಲೇ ಅಳೆದದ್ದು.

ನಾನು ಓದುತ್ತ ಹೋದೆ. ಮುಂದಿನ ಕೋಣೆ ಹನ್ನೆರಡು ಒಂಬತ್ತು. ಅಪ್ಪ ಉದ್ದಕ್ಕೆ ಎರಡು ಕೋಲು, ಅಗಲಕ್ಕೆ ಒಂದೂವರೆ ಕೋಲು ಇಟ್ಟ. ಅವ್ವ ಬೂದಿ ಸುರಿದಳು. ಒಳಕೋಣೆ ಒಂಬತ್ತು ಒಂಬತ್ತು. ಅಡುಗೆಮನೆ ಒಂಬತ್ತು ಆರು. ಗೋಡೆ ಎದ್ದವು. ಬಾಗಿಲಿಗೆಂದು ಬಿಟ್ಟ ಜಾಗದಿಂದಲೇ ಎಲ್ಲರೂ ತಲೆ ಬಗ್ಗಿಸಿ ಒಳಗೆ ಹೋದೆವು, ಬಾಗಿಲು ನಿಜವಾಗಿ ಇದ್ದಂತೆ.

ಸಣ್ಣದು. ಇಷ್ಟು ಸಣ್ಣದಿದ್ದೀತೆಂದು ಅಂದುಕೊಂಡಿರಲಿಲ್ಲ. ಅಜ್ಜಿ ಅಡುಗೆಮನೆಯಲ್ಲಿ ಕೂತು ಕಾಲು ಚಾಚಿದಳು. ಕಾಲು ಬೂದಿಯ ಗೋಡೆ ದಾಟಿ ಹೊರಗೆ ಹೋಯಿತು.

"ಅಯ್ಯ, ನನ್ನ ಕಾಲು ಮಗ್ಗಲ ಮನಿಗೆ ಹೋಗ್ಯಾವ ನೋಡ್ರಿ. ಅವರ ಏನರ ತಿಳಕೊಂಡಾರು," ಎಂದಳು. ಅಪ್ಪ ನಗಲಿಲ್ಲ. ಮಗಳನ್ನು ಎಂಥ ಜಾಗಕ್ಕೆ ಕೊಟ್ಟೆ ಎನ್ನುವ ಮುಖ ಮಾಡಿಕೊಂಡು ಕೋಲಿನ ಮೇಲೆ ಗದ್ದ ಇಟ್ಟು ನಿಂತಿದ್ದ.

ಆಮೇಲೆ ಅಜ್ಜಿಯೇ ಕೇಳಿದಳು. "ಎಲ್ಲಾ ಆತು. ತೊಟ್ಟಿಲ ಎಲ್ಲಿ ಕಟ್ತಿ?"

ಎಲ್ಲರೂ ಮೇಲೆ ನೋಡಿದೆವು. ಮೇಲೆ ಬರೇ ಆಕಾಶ. ಒಂದು ಹದ್ದು ಸುತ್ತುತ್ತಿತ್ತು.

ಪತ್ರ ಮತ್ತೆ ಓದಿದೆ. ಕೊನೆಯಲ್ಲಿ ಇವರು ಅದನ್ನೂ ಬರೆದಿದ್ದರು. ತೊಲೆ ಇಲ್ಲ, ಜಂತಿ ಇಲ್ಲ, ಮೇಲೆ ಸಪಾಟು ಸಿಮೆಂಟಿನ ಸ್ಲ್ಯಾಬು, ಮಣ್ಣು ಉದುರುವ ಕಾಟವೇ ಇಲ್ಲ. ತೊಟ್ಟಿಲಿಗೆ ಕೊಂಡಿ ಬೇಕಾದರೆ ಸಿಮೆಂಟು ಸುರಿಯುವ ಮೊದಲೇ ಕಬ್ಬಿಣದ ಸಳಿಗೆ ಕಟ್ಟಿ ಇಡಿಸಬೇಕು, ಆಮೇಲೆ ಇಡಲು ಬರುವುದಿಲ್ಲ. "ಬೇಕೋ ಬೇಡವೋ, ಯಾವ ಕೋಣೆಯಲ್ಲಿ, ಬರೆದು ತಿಳಿಸು. ಇಲ್ಲಿಯ ಮಂದಿ ನೆಲದ ಮೇಲೆ ನಿಲ್ಲುವ ಕಬ್ಬಿಣದ ತೊಟ್ಟಿಲು ತರುತ್ತಾರೆ. ಅದಾದರೂ ನಡೆದೀತು."

ಅದಾದರೂ ನಡೆದೀತು. ಚೊಚ್ಚಲ ಕೂಸಿನ ಜೊತೆ ತವರಿನವರು ತೊಟ್ಟಿಲು ಕೊಟ್ಟು ಕಳಿಸುತ್ತಾರೆ. ಅಪ್ಪ ವಿಜಾಪುರದಲ್ಲಿ ಹಸನಸಾಬರ ಕಟ್ಟಿಗೆ ಅಡ್ಡೆಯಲ್ಲಿ ಸಾಗವಾನಿಯ ತೊಟ್ಟಿಲು ಮಾಡಲು ಹಾಕಿ ತಿಂಗಳಾಯಿತು. ಅದನ್ನು ಎಲ್ಲಿ ಕಟ್ಟುವುದು? ಮೇಲಿನವರ ಒಲೆಗೋ?

ಸಂಜೆ ಕುರಿ ಬಂದವು. ಗೋಡೆ, ಬಾಗಿಲು, ಅಡುಗೆಮನೆ ಎಲ್ಲ ತುಳಿದು ಮಲಗಿದವು.

10 ಜನವರಿ, ಮಂಗಳವಾರ

ಪತ್ರ ಬರೆದು ಟಪಾಲಿಗೆ ಹಾಕಿಸಿದೆ. ಕೊಂಡಿ ಬೇಡ. ಕಾಲು ಚಾಚಲು, ಕೂಸು ತೂಗಲು ಜಾಗವಿಲ್ಲದ ಅಷ್ಟು ಸಣ್ಣ ಮನೆಗೆ ನಾನು ಬರುವುದಿಲ್ಲ. ಕರೆಯಬೇಡಿ.

ಇಷ್ಟೇ. ಓದಿದವಳು ಇನ್ನೂ ಚೆಂದಾಗಿ ಬರೆಯಬಹುದಿತ್ತು.

21 ಜನವರಿ, ಶನಿವಾರ

ಉತ್ತರ ಬಂದಿಲ್ಲ. ದಿನಾ ಟಪಾಲಿನವನ ಸೈಕಲ್ಲು ಬರುವ ಹೊತ್ತಿಗೆ ಅಂಗಳದಲ್ಲಿ ಏನಾದರೊಂದು ಕೆಲಸ ಹುಡುಕಿಕೊಂಡು ನಿಲ್ಲುತ್ತೇನೆ.

ಕೂಸಿಗೆ ಎಣ್ಣೆ ಹಚ್ಚುತ್ತ ಅಜ್ಜಿ ಹಳೆಯ ಕಥೆ ತೆಗೆದಳು. ಈ ಮನೆ ಕಟ್ಟುವ ಮೊದಲು ವರ್ಷದಲ್ಲಿ ಎಂಟು ತಿಂಗಳು ಕುರಿಯ ಹಿಂದೆ ತಿರುಗುವುದು. ರಾತ್ರಿ ಯಾರದೋ ಹೊಲದಲ್ಲಿ ಕುರಿ ತರುಬುವುದು, ಅವರು ಗೊಬ್ಬರಕ್ಕೆ ಬದಲು ಜೋಳ ಕೊಡುವುದು, ಎರಡು ದಿನಕ್ಕೆ ಮತ್ತೆ ಮುಂದೆ. ಹೋದಲ್ಲಿ ಮೊದಲು ಗಿಡ ನೋಡುವುದು. ಬೇವೋ ಬನ್ನಿಯೋ, ಅದರ ಟೊಂಗೆಗೆ ಕಂಬಳಿಯ ಜೋಲಿ ಕಟ್ಟಿ ಕೂಸು ಹಾಕಿದ ಮೇಲೆಯೇ ಒಲೆ ಹೂಡುವುದು. ಗಿಡವಿಲ್ಲದ ಬಯಲಿನಲ್ಲಿ ಮೂರು ಕೋಲು ನಿಲ್ಲಿಸಿ ತುದಿ ಕಟ್ಟಿ ಅದಕ್ಕೇ ಜೋಲಿ. ನಮ್ಮಪ್ಪ ಎಷ್ಟು ಗಿಡಕ್ಕೆ ತೂಗಿ ಬೆಳೆದನೋ ಲೆಕ್ಕವಿಲ್ಲ.

ನನಗೂ ನೆನಪಿದೆ, ಸ್ವಲ್ಪ. ಮನೆ ಕಟ್ಟಿದ ಮೇಲೂ ಕೆಲವು ವರ್ಷ ಬೇಸಿಗೆಯಲ್ಲಿ ಕುರಿಯ ಹಿಂದೆ ಹೋಗುತ್ತಿದ್ದೆವು. ತಮ್ಮನನ್ನು ಜೋಲಿಯಲ್ಲಿ ತೂಗುತ್ತ ಕೂತದ್ದು. ಕಂಬಳಿಯ ಎಳೆಗಳ ನಡುವೆ ಅವನ ಕಣ್ಣು ಹೊಳೆಯುತ್ತಿದ್ದದ್ದು. ಬೆಳಿಗ್ಗೆ ಎದ್ದರೆ ಊರು ಯಾವುದೆಂದು ಗೊತ್ತಿಲ್ಲ, ಗಿಡ ಮಾತ್ರ ಗೊತ್ತು. ಆಗ ಯಾರೂ ಅಂಜುತ್ತಿರಲಿಲ್ಲ. ಅಥವಾ ಅಂಜುತ್ತಿದ್ದದ್ದು ನನಗೆ ತೋರಿಸುತ್ತಿರಲಿಲ್ಲ.

ಅಜ್ಜಿಯ ಪ್ರಕಾರ ಈ ಮನೆಯಲ್ಲಿ ಮೊದಲು ಮುಗಿದದ್ದು ತೊಲೆಯ ಬಳೆ. ಬಾಗಿಲಿಗೆ ಕದ ಬಂದದ್ದು ಒಂದು ವರ್ಷ ತಡವಾಗಿ.

28 ಜನವರಿ, ಶನಿವಾರ. ವಿಜಾಪುರ

ಕೂಸಿಗೆ ಕೆಮ್ಮು. ಮೊನ್ನೆ ಬಸ್ಸು ಹತ್ತಿ ಇಲ್ಲಿಗೆ ಬಂದು ಡಾಕ್ಟರಿಗೆ ತೋರಿಸಿದೆ. ಎದೆ ಸ್ವಚ್ಛ ಇದೆ, ವಾರದ ಮೇಲೆ ಮತ್ತೊಮ್ಮೆ ತೋರಿಸಿ ಊರಿಗೆ ಹೋಗು, ತಾಯಿ ಮೊದಲು ನಿದ್ದೆ ಮಾಡಲಿ ಎಂದರು. ಎಲ್ಲರೂ ಅದನ್ನೇ ಹೇಳುತ್ತಾರೆ, ನಿದ್ದೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಯಾರೂ ಹೇಳುವುದಿಲ್ಲ.

ಅಥಣಿ ರಸ್ತೆಯಲ್ಲಿ ಬೀರಣ್ಣ ಮಾಮಾನ ಮನೆಯಲ್ಲಿದ್ದೇನೆ. ಮಾಮಾ ಅವ್ವನ ತಮ್ಮ, ಬಸ್ ಕಂಡಕ್ಟರ್. ನಾನು ಕಾಲೇಜಿಗೆ ಬರುತ್ತಿದ್ದಾಗ ಇಲ್ಲಿ ಬರೇ ಕಡಲೆ ಹೊಲ. ಈಗ ಪ್ಲಾಟಿನ ಕಲ್ಲು ನೆಟ್ಟಿದ್ದಾರೆ, ಅಲ್ಲೊಂದು ಇಲ್ಲೊಂದು ಮನೆ ಎದ್ದಿದೆ. ಮಾಮಾನ ಹೊಸ ಮನೆಗೂ ಸ್ಲ್ಯಾಬು. ಕೊಂಡಿ ಇಲ್ಲ. ಎರಡು ರಾತ್ರಿ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಗೋಡೆಯಿಂದ ಗೋಡೆಗೆ ನಡೆದೆ.

ಮಗ್ಗುಲಲ್ಲೇ ಹಸನಸಾಬರ ಕಟ್ಟಿಗೆ ಅಡ್ಡೆ. ಇವತ್ತು ಮುಂಜಾನೆ ನನ್ನ ಮುಖ ನೋಡಿ ಹಸನಸಾಬರು ಕೂಸನ್ನು ತಾವೇ ಇಸಿದುಕೊಂಡು ಅಡ್ಡೆಯ ಬೇವಿನ ಗಿಡಕ್ಕೆ ಒಂದು ಚಾದರದ ಜೋಲಿ ಕಟ್ಟಿಸಿದರು. ಕೂಸು ಎರಡು ಸಲ ಕೆಮ್ಮಿ ಮಲಗಿಬಿಟ್ಟಿತು. ನಾನು ಗಿಡದ ಬುಡದಲ್ಲಿ ಕೂತವಳು ಯಾವಾಗ ಒರಗಿದೆನೋ. ಎದ್ದಾಗ ಬಿಸಿಲು ಮೈಮೇಲೆ ಬಂದಿತ್ತು. ಮೂರು ತಾಸು.

ಅಡ್ಡೆಯ ತುಂಬ ಹಳೆಯ ತೊಲೆಗಳು. ಊರೊಳಗಿನ ಹಳೆಯ ವಾಡೆಯ ಮನೆಗಳನ್ನು ಬಿಚ್ಚಿಸಿ ಸ್ಲ್ಯಾಬು ಹಾಕಿಸುವವರೆಲ್ಲ ಇಲ್ಲಿಗೆ ಮಾರುತ್ತಾರೆ. ಎಷ್ಟೋ ತೊಲೆಗಳಲ್ಲಿ ತೊಟ್ಟಿಲಿನ ಬಳೆ ಹಾಗೇ ಇದೆ. ಸುಮ್ಮನೆ ಎಣಿಸುತ್ತ ಹೋದೆ, ಹದಿನೇಳಕ್ಕೆ ಬಿಟ್ಟೆ. ಎಲ್ಲವೂ ಒಂದು ಕಡೆ ಸವೆದಿದ್ದವು.

"ಬುದ್ಧಿ ಇದ್ದವರು ಸ್ಲ್ಯಾಬಿಗೆ ಮೊದಲ ಬಂದು ಕೊಂಡಿ ಒಯ್ತಾರವಾ," ಎಂದರು ಹಸನಸಾಬರು. "ನಿಮ್ಮ ಮಾಮಾನಂಥವರು ಆಮ್ಯಾಲೆ ಬಂದು ತಲಿ ಮ್ಯಾಲ ನೋಡಿ ಅಳತಾರ."

3 ಫೆಬ್ರವರಿ, ಶುಕ್ರವಾರ. ವಿಜಾಪುರ. ಸಂಜೆ ಆರೂವರೆ

ನಡೆದದ್ದು ನಡೆದಂತೆ ಬರೆಯಬೇಕು.

ಮಧ್ಯಾಹ್ನ ಎರಡರ ಬಸ್ಸಿಗೆ ಅಪ್ಪ ಬಂದ, ತೊಟ್ಟಿಲು ಆಗಿದೆಯೇ ನೋಡಲು. ತೊಟ್ಟಿಲು ಆಗಿತ್ತು. ಸರಪಳಿ ಎಷ್ಟು ಉದ್ದ ಬೇಕೆಂದು ಹಸನಸಾಬರು ಕೇಳಿದರು. ಅಪ್ಪ ತನ್ನ ಕೋಲು ನೆಲಕ್ಕೆ ಊರಿ ಒಂದು ಕೋಲು, ಆರು ಫೂಟು ಎಂದ. ಹಸನಸಾಬರು ಕೋಲಿನ ಮಗ್ಗುಲಿಗೆ ತಮ್ಮ ಗಜ ಹಿಡಿದು ನೋಡಿ, ಮತ್ತೊಮ್ಮೆ ಹಿಡಿದರು.

"ಸಿದ್ದರಾಯಣ್ಣ, ಇದು ಐದ ಫೂಟಿನ ಮ್ಯಾಲ ಮೂರು ಇಂಚು."

"ಏ, ನಿಡೋಣಿ ಬಡಿಗೇರ ಅಳದು ಕೊಟ್ಟಾನ."

"ಕೊಟ್ಟು ಎಷ್ಟ ವರ್ಷ ಆತು? ದಿನಾ ಕಲ್ಲಾಗ ಊರಿ ನಡದಿ. ಒಂಬತ್ತು ಇಂಚು ಸವಿಸಿ ಬಂದಿ ನೋಡ."

ಅಪ್ಪ ಕೋಲಿನ ತುದಿ ತಿರುಗಿಸಿ ನೋಡುತ್ತ ನಿಂತುಬಿಟ್ಟ. ಇಪ್ಪತ್ಮೂರು ವರ್ಷ ಅದೇ ಕೋಲಿನಿಂದ ಊರಿಗೆಲ್ಲ ಅಳೆದು ಕೊಟ್ಟಿದ್ದಾನೆ. ನನಗೆ ಮಾತ್ರ ಕಣ್ಣ ಮುಂದೆ ಬಂದದ್ದು ಬೂದಿಯ ಗೋಡೆಗಳು. ನಾವು ಕೂತು ಬೇಡವೆಂದ ಮನೆ, ಅಜ್ಜಿಯ ಕಾಲು ಹಿಡಿಸದ ಅಡುಗೆಮನೆ. ಅದು ಇವರು ಬರೆದ ಮನೆಯಲ್ಲ. ಪ್ರತಿ ಗೋಡೆಯೂ ಒಂದೊಂದು ಗೇಣು, ಎರಡೆರಡು ಗೇಣು ಒಳಗೆ ಬಂದಿತ್ತು.

ಆಗ ಅಪ್ಪ ನೆನಪಾಗಿ ರುಮಾಲಿನ ಸುತ್ತಿನಿಂದ ಒಂದು ಪತ್ರ ತೆಗೆದ. ಬುಧವಾರ ಬಂದದ್ದು. ಹೆಂಗಿದ್ರೂ ಶುಕ್ರವಾರ ಬರತೇನಿ, ನೀನ ಓದತಿ ಅಂತ ಇಟಗೊಂಡಿದ್ದೆ ಎಂದ. ಅವನನ್ನು ಅಂದು ಏನು ಫಲ.

ಈ ಸಲ ಅರ್ಧ ಹಾಳೆ. "ನಿನ್ನ ಪತ್ರ ಮುಟ್ಟಿತು. ಏನು ಬರೆಯಬೇಕೆಂದು ತಿಳಿಯದೆ ಇಷ್ಟು ದಿನ ತಡವಾಯಿತು. ನಾಲ್ಕನೇ ತಾರೀಖು ಶನಿವಾರ ಮುಂಜಾನೆ ಏಳು ಗಂಟೆಗೆ ನಮ್ಮ ಸ್ಲ್ಯಾಬು ಸುರಿಯುತ್ತಾರೆ. ನಾನು ಅಲ್ಲಿ ಇರುತ್ತೇನೆ. ಅಷ್ಟರೊಳಗೆ ನಿನ್ನಿಂದ ಬೇರೆ ಮಾತು ಬಾರದಿದ್ದರೆ ಕೊಂಡಿ ಇಡಿಸುವುದಿಲ್ಲ. ಮನೆಯನ್ನೂ ಇಟ್ಟುಕೊಳ್ಳುವುದಿಲ್ಲ. ಆಫೀಸಿನ ಒಬ್ಬರು ಬಹಳ ದಿನದಿಂದ ಕೇಳುತ್ತಿದ್ದಾರೆ, ಅವರಿಗೆ ಅಲ್ಲೇ ಒಪ್ಪಿಸಿ ಬರುತ್ತೇನೆ. ಸಿಟ್ಟಿನಿಂದ ಬರೆಯುತ್ತಿಲ್ಲ. ನೀವಿಬ್ಬರೂ ಇಲ್ಲದೆ ಅಷ್ಟು ದೊಡ್ಡ ಮನೆಯಲ್ಲಿ ನಾನೊಬ್ಬನೇ ಏನು ಮಾಡಲಿ?"

ಅಷ್ಟು ದೊಡ್ಡ ಮನೆ.

ಕೂಸನ್ನು ಅಪ್ಪನ ಕೈಗೆ ಕೊಟ್ಟು ತಾರಿನ ಆಫೀಸಿಗೆ ಟಾಂಗಾದಲ್ಲಿ ಹೋದೆ. ಅರ್ಜಂಟ್ ತಾರು. ಕೊಂಡಿ ಇಡಿಸಿ, ಬರುತ್ತೇನೆ, ರಾತ್ರಿಯೇ ಫೋನ್ ಮಾಡಿ ಎಂದು ಇಂಗ್ಲಿಷಿನಲ್ಲಿ ಬರೆದು ಹಸನಸಾಬರ ಅಡ್ಡೆಯ ನಂಬರು ಹಾಕಿದೆ. ಕ್ಲರ್ಕು ಕನ್ನಡಕದ ಮೇಲಿನಿಂದ ನೋಡಿ, ಕೊಂಡಿ ಅಂದರೆ ಯಾವ ಕೊಂಡಿ ಅಕ್ಕಾವರೇ, ಇದೇನು ಗುಪ್ತ ಮಾತೋ ಎಂದು ಕೇಳಿದ. ತೊಟ್ಟಿಲಿನ ಕೊಂಡಿ ಎಂದರೆ ನಂಬಲಿಲ್ಲ, ಆದರೂ ಕಳಿಸಿದ. ಪರಳಕ್ಕೆ ಯಾವಾಗ ಮುಟ್ಟುತ್ತದೆ ಎಂದರೆ, ಲೈನು ಸರಿ ಇದ್ದರೆ ರಾತ್ರಿ ಎಂಟು, ಇಲ್ಲದಿದ್ದರೆ ನಾಳೆ ಎಂದ. ಅಲ್ಲಿಂದಲೇ ಇವರ ಆಫೀಸಿಗೆ ಟ್ರಂಕ್ ಕಾಲ್ ಹಾಕಿಸಿದೆ. ಲೈನು ಸಿಕ್ಕಾಗ ಐದೂಮುಕ್ಕಾಲು. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ರಾತ್ರಿ ಹನ್ನೊಂದೂ ಹತ್ತು

ಫೋನು ಹಸನಸಾಬರ ಅಡ್ಡೆಯ ಕೋಣೆಯಲ್ಲಿದೆ. ಅವರು ಬೀಗ ಹಾಕದೆ ಬಿಟ್ಟುಹೋಗಿದ್ದಾರೆ. ಹೊರಗೆ ಅಪ್ಪ ಹೊಸ ತೊಟ್ಟಿಲನ್ನು ಬೇವಿನ ಗಿಡಕ್ಕೇ ಕಟ್ಟಿ, ಕಂಬಳಿ ಹೊದಿಸಿ, ಕೋಲು ಪಕ್ಕಕ್ಕೆ ಒರಗಿಸಿ ತೂಗುತ್ತಿದ್ದಾನೆ. ಸರಪಳಿಯ ಸದ್ದು ಇಲ್ಲಿಗೆ ಕೇಳುತ್ತದೆ. ಕೂಸು ಮಲಗಿ ಎರಡು ತಾಸಾಯಿತಂತೆ. ನಾನು ಎದ್ದು ಹೋಗಿ ನೋಡಿಲ್ಲ. ಈ ಕುರ್ಚಿ ಬಿಟ್ಟು ಎದ್ದಾಗಲೇ ಗಂಟೆ ಬಾರಿಸಿದರೆ?

ಹೋಗುವಾಗ ಹಸನಸಾಬರು ಒಂದು ಹಳೆಯ ತೊಲೆಯಿಂದ ಬಳೆ ಕಿತ್ತು ನನ್ನ ಕೈಯಲ್ಲಿ ಇಟ್ಟರು. "ಸಿಮಿಟಿನ ಕೊಂಡಿಗೆ ಇದನ್ನ ಹಾಕ್ರಿ. ಇದಕ್ಕ ತೂಗೂದು ಗೊತ್ತೈತಿ," ಎಂದರು.

ಮೇಜಿನ ಮೇಲೆ ಇದೆ. ಸವೆದ ಕಡೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದೇನೆ.

ಇನ್ನು ಇದು ನಿಮಗೇ ಬರೆಯುವುದು. ತಾರು ನಿಮ್ಮ ಕೈಗೆ ಬಂದಿರಬೇಕು. ಬಂದಿರಲೇಬೇಕು. ನೀವು ಕೋಣೆಯಲ್ಲಿ ಇರದಿದ್ದರೂ ರಾತ್ರಿ ಪಾಳಿಯವರು ಯಾರಾದರೂ ಇಸಿದುಕೊಂಡಿರುತ್ತಾರೆ, ದಿಂಬಿನ ಕೆಳಗೆ ಇಟ್ಟು ಮರೆತಿರಬಾರದು. ದಾದರಿನ ತಾರಿನ ಆಫೀಸು ರಾತ್ರಿಯೆಲ್ಲ ತೆರೆದಿರುತ್ತದೆ ಎಂದು ನೀವೇ ಒಮ್ಮೆ ತೋರಿಸಿದ್ದಿರಿ, ನಾವು ಐಸ್‌ಕ್ರೀಮ್ ತಿಂದು ಬರುವಾಗ.

ಅಲ್ಲಿಗೆ ಹೋಗ್ರಿ. ನಾನು ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ್ರಿ. ಅದು ಅಪ್ಪನ ಕೋಲಿನ ಅಳತೆಯ ಮನೆಗೆ ಬರೆದದ್ದು, ನಿಮ್ಮ ಮನೆಗಲ್ಲ. ಕೊಂಡಿ ಒಳಕೋಣೆಯಲ್ಲಿ ಇಡಿಸ್ರಿ. ಕಿಟಕಿಯ ಗೋಡೆಯಿಂದ ನಾಲ್ಕು ಫೂಟು ಬಿಡ್ರಿ, ಕೂಸು ಗೋಡೆಗೆ ಬಡಿಯಬಾರದು, ಆದರೆ ಗಾಳಿ ಬರಬೇಕು. ಸಳಿಗೆ ಎರಡು ಸುತ್ತು ಸುತ್ತಿ ಕಟ್ಟಲು ಹೇಳ್ರಿ. ನೀವೇ ಏರಿ ಜಗ್ಗಿ ನೋಡ್ರಿ. ಬಳೆ ನಾನು ತರುತ್ತೇನೆ. ಅಜ್ಜಿಗೂ ಒಂದು ಸಲ ಬಂದು ಕಾಲು ಚಾಚಿ ನೋಡಲು ಹೇಳುತ್ತೇನೆ.

ಇದೆಲ್ಲ ತಾರಿನಲ್ಲಿ ಹಿಡಿಸಲಿಲ್ಲ. ಬಾಯಿಂದಲೇ ಹೇಳಬೇಕು. ಏಳು ಗಂಟೆಗೆ ಸಿಮೆಂಟು ಬೀಳುತ್ತದೆ, ಆಮೇಲೆ ಏನೂ ಮಾಡಲು ಬರುವುದಿಲ್ಲ. ನಿದ್ದೆಗೆಡಿಸಿದೆನೆಂದು ಅಂಜಬೇಡ್ರಿ, ನಾನು ಹೇಗೂ ಎಚ್ಚರ ಇರುವವಳು, ಗಂಟೆ ಒಂದು ಸಲ ಬಾರಿಸಿದರೆ ಸಾಕು, ಎತ್ತುತ್ತೇನೆ. ಎಷ್ಟು ಹೊತ್ತಾಗಿದ್ದರೂ ಆಗಲಿ. ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡ್ರಿ.